ಎರಡು ಬ್ರಷ್

ತಿಂಗಳಿಗೊಮ್ಮೆ ಈ ನಡುಗಡ್ಡೆಗೆ ನಮ್ಮ ದೋಣಿ,
ಚಿಲೊಯೆಯ ಕಡಲು ಆ ದಿನ ಮನಸ್ಸು ಮಾಡಿದರೆ.
ಒಬ್ಬ ಡಾಕ್ಟರು, ಒಬ್ಬಳು ಸೂಲಗಿತ್ತಿ, ಕೊನೆಗೆ ನಾನು,
ಹಲ್ಲಿನವಳು.
ಹಾಗೇ ಕರೆಯುತ್ತಾರೆ, ಹೆಸರು ಕೇಳಿದವರಿಲ್ಲ.

ಶಾಲೆಯ ಹಿಂದಿನ ಕೋಣೆಯಲ್ಲಿ ಮಡಚುವ ಕುರ್ಚಿ,
ಬಕೆಟ್ಟು, ಕಾರಿನ ಬ್ಯಾಟರಿಗೆ ಕಟ್ಟಿದ ದೀಪ,
ಗೋಡೆಗೆ ನಾನೇ ಅಂಟಿಸಿದ ಚಿತ್ರ:
ಬಿಳಿ ಹಲ್ಲೊಂದು ನಗುತ್ತಿದೆ, ಅದಕ್ಕೂ ಹಲ್ಲುಗಳಿವೆ.
ಹಲ್ಲಿಗೇಕೆ ಹಲ್ಲು ಎಂದು ಮಕ್ಕಳು ಕೇಳುತ್ತಾರೆ.
ನನ್ನ ಬಳಿ ಉತ್ತರವಿಲ್ಲ.

ಎಲಿಯೊದೊರೊ ರೆಮೊಲ್ಕೊಯ್, ವಯಸ್ಸು ಅರವತ್ತೊಂದು,
ಬಾಯಿ ತೆರೆದ.
ಮುಂದಿನೆರಡು ಹಲ್ಲಿನಲ್ಲಿ ಗರಗಸದ ಕಚ್ಚು:
ನಲವತ್ತು ವರ್ಷ ಬಲೆಯ ನೈಲಾನು ದಾರ
ಕಡಿದು ಕಡಿದು ಆದದ್ದು.
ಒಸಡು ಉಬ್ಬಿದೆ; ಮುಟ್ಟಿದರೆ ರಕ್ತ.
ಶುರುಮಾಡಿದೆ ನಾನು, ಬಾಯಿಪಾಠ:
ದಿನಕ್ಕೆರಡು ಸಲ, ಎರಡು ನಿಮಿಷ, ಸಣ್ಣ ಸಣ್ಣ ಸುತ್ತು,
ಸಕ್ಕರೆ ಕಡಿಮೆ, ಹಲ್ಲಿನ ನಡುವೆ ದಾರ ಆಡಿಸಿ,
ಹಲ್ಲಿಂದ ದಾರ ಕಡಿಯಬೇಡಿ.
ಅವನ ಬಾಯಲ್ಲಿ ನನ್ನ ಕನ್ನಡಿ, ನನ್ನ ಬೆರಳು, ಹತ್ತಿಯ ಉಂಡೆ.
ಹೂಂ ಅನ್ನದೆ ಇನ್ನೇನು ಮಾಡಿಯಾನು?
ಹೂಂ ಅಂದ.
ಹಸಿರು ಬ್ರಷ್ ಕೊಟ್ಟೆ. ಕಾರ್ಡಿನಲ್ಲಿ ಬರೆದೆ: ತಿಳಿಹೇಳಲಾಗಿದೆ.

ಮುಂದಿನ ತಿಂಗಳು ಕಡಲು ಬಿಡಲಿಲ್ಲ.
ಅದರ ಮುಂದಿನ ತಿಂಗಳು ದಡದಲ್ಲೇ ಕಂಡ,
ದೋಣಿಯ ಮೋಟರು ಬಿಚ್ಚಿ ಕೂತಿದ್ದ.
ಕೈಯಲ್ಲಿ ನನ್ನ ಹಸಿರು ಬ್ರಷ್, ಈಗ ಕಪ್ಪು;
ಸ್ಪಾರ್ಕ್ ಪ್ಲಗ್ಗಿನ ಮಸಿ ತಿಕ್ಕುತ್ತಿದ್ದ,
ಸಣ್ಣ ಸಣ್ಣ ಸುತ್ತು,
ಎರಡು ನಿಮಿಷಕ್ಕೂ ಹೆಚ್ಚು,
ನಾನು ಹೇಳಿದ ಹಾಗೇ.

ಸಿಟ್ಟು ಬಂತು. ನಗುವೂ. ಯಾವುದು ಮೊದಲೋ ತಿಳಿಯದು.
"ಒಂದು ವಾರ ಬಾಯಿಗೇ ಹಾಕಿದೆ," ಅಂದ.
"ರಕ್ತ ಬಂತು, ಬಿಟ್ಟೆ.
ನೋಯುವ ಕಡೆಯೇ ತಿಕ್ಕುವವರುಂಟೆ?"

ಆರು ವರ್ಷ ಓದಿದವಳಿಗೆ
ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.
ಕೇಳಿದ್ದರೋ ಏನೋ,
ಬಾಯಲ್ಲಿ ನನ್ನ ಬೆರಳಿತ್ತು.

ಬೋರಲು ಹಾಕಿದ ದೋಣಿಯ ಮೇಲೆ ಪಕ್ಕದಲ್ಲಿ ಕೂತೆ.
ಅವನ ಹೆಂಡತಿ ಎದುವಿನಾ ಮಾಟೆ ಸೊಪ್ಪಿನ ಕಷಾಯ ತಂದಳು:
ಒಂದೇ ಬುರುಡೆ, ಒಂದೇ ಕೊಳವೆ, ಸರದಿಯಲ್ಲಿ ಎಲ್ಲರಿಗೂ,
ಸರದಿಗೊಮ್ಮೆ ಎರಡು ಚಮಚ ಸಕ್ಕರೆ.
ಬೇಡ ಎನ್ನಲೆ? ಕುಡಿದೆ. ಚೆನ್ನಾಗಿತ್ತು.

"ನೀವು ದಿನಾ ಮಾಡ್ತೀರಾ? ಆ ದಾರ?"
ಸುಳ್ಳು ನಾಲಗೆಯ ತುದಿಗೇ ಬಂದಿತ್ತು.
"ಇಲ್ಲ. ಸುಸ್ತಾದ ರಾತ್ರಿ ಹಾಗೇ ಮಲಗಿಬಿಡ್ತೇನೆ."
ಆಗ ನಕ್ಕ ನೋಡಿ, ಕೈ ಅಡ್ಡ ಹಿಡಿಯದೆ.

ಆಮೇಲೆ ನಾನೂ ಕೇಳಿದೆ.
ರಾತ್ರಿ ಎಲ್ಲಕ್ಕಿಂತ ಕೊನೆಗೆ ಏನು ಮಾಡುತ್ತೀರಿ?
"ಒಲೆಗೆ ಒಂದು ಹಸಿ ಕೊರಡು ಇಡುತ್ತೇನೆ,
ಬೆಳಗಿನ ತನಕ ಕೆಂಡ ಉಳಿಯಬೇಕಲ್ಲ."
ಎಂದಾದರೂ ಮರೆತದ್ದುಂಟೆ?
"ಮರೆತರೆ ಇವಳು ನನ್ನನ್ನು ಎಲ್ಲಿ ಮಲಗಿಸುತ್ತಾಳೆ ಗೊತ್ತೆ?"
ಹಾಗಾದರೆ ಬ್ರಷ್ ಅಲ್ಲೇ ಇರಲಿ, ಒಲೆಯ ಪಕ್ಕದ ಗೂಡಿನಲ್ಲಿ.
ರಕ್ತ ಬಂದರೆ ಅದು ಬ್ರಷ್ಷಿನ ತಪ್ಪಲ್ಲ;
ದೋಣಿ ಸೋರಿದರೆ
ನೀರು ಮೊಗೆಯುವ ಡಬ್ಬಿಯನ್ನು ಬೈಯುತ್ತೀರಾ?
ಹತ್ತು ದಿನ, ಮೆಲ್ಲಗೆ. ಆಮೇಲೆ ಬೇಕಾದರೆ ನನ್ನನ್ನು ಬೈಯಿರಿ.

ಚೀಲದಿಂದ ಎರಡು ತೆಗೆದೆ.
ಕೆಂಪು ಮೋಟರಿಗೆ. ನೀಲಿ ನಿಮಗೆ.
ಬಲೆಯ ದಾರಕ್ಕೆ ನನ್ನ ಜೇಬಿನ ಸಣ್ಣ ಚಾಕು.
ಎದುವಿನಾ ಏನೂ ಹೇಳದೆ ಮುಂದಿನ ಸರದಿಗೆ
ಒಂದೇ ಚಮಚ ಹಾಕಿದಳು.
ನನಗಷ್ಟೇ. ತನಗೆ ಎರಡೇ.

ನವೆಂಬರಿನಲ್ಲಿ ಹೋದಾಗ
ಮೋಟರು ಒಂದೇ ಎಳೆತಕ್ಕೆ ಹೊತ್ತಿಕೊಳ್ಳುತ್ತದೆ ಅಂದ.
ಒಸಡು? ಬಾಯಿ ತೆರೆದ. ಎಡಬದಿ ತಿಳಿಗುಲಾಬಿ.
ಬಲಬದಿ ಇನ್ನೂ ಕೆಂಪು,
ಬಲಗೈಗೆ ಬಲದವಡೆ ಎಟುಕುವುದು ಕಷ್ಟ.
ಚಾಕು?
"ಕಡಲಿಗೆ ಬಿತ್ತು."
ದಾರ ಮತ್ತೆ ಹಲ್ಲಿಂದಲೇ.

ಕಾರ್ಡಿನಲ್ಲಿ ಬರೆದೆ: ಅರ್ಧ ಬಾಯಿ.
ಅದರ ಕೆಳಗೆ, ನನಗಾಗಿ:
ಮುಂದಿನ ತಿಂಗಳು, ಕಡಲು ಬಿಟ್ಟರೆ,
ಇನ್ನೊಂದು ಚಾಕು,
ಹಗ್ಗ ಕಟ್ಟಿದ್ದು.